ಅಕ್ಕನಿಗೆ ನೆಗಡಿ

ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಬಡುಕಿ ತಂಗಿಯ ನಮಸ್ಕಾರ. ಇಲ್ಲಿ ನಾವು ಕ್ಷೇಮ, ಬಹುಮಟ್ಟಿಗೆ. ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಬೈಯಬೇಡ. ಈಗಲೂ ಫೋನ್ ಬೇಡವೆಂದೇ ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ನೀನು ಮಾತು ಹಾರಿಸಿಬಿಡುತ್ತೀಯ ಕಣೇ. 'ಕುಕ್ಕರ್ ಕೂಗ್ತಿದೆ, ಇಡ್ತೀನಿ' ಅಂದರೆ ಮುಗಿಯಿತು. ಕಾಗದದ ಎದುರು ಯಾವ ಕುಕ್ಕರೂ ಕೂಗುವುದಿಲ್ಲ.

ವಿಷಯ ಏನೆಂದರೆ, ಹೋದ ತಿಂಗಳು ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಗಾಬರಿಯಾಗಬೇಡ, ಪೂರ್ತಿ ಓದು. ನಮ್ಮ ಬೀದಿಯ ತುದಿಯಲ್ಲೇ, ಬೇಕರಿಯ ಪಕ್ಕ, ಒಂದು ಚಿಕ್ಕ ಕ್ಲಿನಿಕ್ ಇದೆ. ಇವರು ರಜೆ ಹಾಕಿ ಬರುತ್ತೇನೆಂದರು. ಈ ಊರಿನ ಭಾಷೆ ಇವರಿಗೆ ನನಗಿಂತಲೂ ಕಡಿಮೆ, ಬೇಡ ಅಂದೆ. ಮಗಳಿಗೆ ಇಲ್ಲಿಯ ಭಾಷೆ ನೀರು ಕುಡಿದಷ್ಟು ಸಲೀಸು. ಆದರೆ ಹದಿನಾಲ್ಕರ ಮಗು ಯಾಕೆ ಹೆದರಬೇಕು ಎಂದು, ಅವಳಿಗೆ ಹೇಳದೆ ಒಬ್ಬಳೇ ಹೋದೆ.

ನನಗೆ ಬರುವುದೆಲ್ಲ ನಾನು ದುಡಿಯುವ ಟೈಲರ್ ಅಂಗಡಿಯ ಭಾಷೆ. ಉದ್ದ, ಗಿಡ್ಡ, ಬಿಗಿ, ಸಡಿಲ, ಶುಕ್ರವಾರ ಬನ್ನಿ. ಅಷ್ಟರಲ್ಲೇ ಸಂಸಾರ ನಡೆಯುತ್ತಿದೆ. ಡಾಕ್ಟರಮ್ಮ ಏನು ತೊಂದರೆ ಎಂದು ಕೇಳಿದರೆ 'ಇಲ್ಲಿ ಬಿಗಿ' ಅಂದೆ. ಆಕೆ ನನ್ನ ಅಂಗಿಯ ಗುಂಡಿ ನೋಡಿದರು! 'ಸ್ವಲ್ಪ ಬಾಯಿಗೆ ಬೀಗ ಹಾಕೇ' ಎಂದು ನಿಮ್ಮೆಲ್ಲರ ಕೈಲಿ ಅನ್ನಿಸಿಕೊಂಡವಳು, ಅಲ್ಲಿ ತುಟಿ ಹೊಲಿದವಳ ಹಾಗೆ ಕೂತಿದ್ದೆ. ಕೊನೆಗೆ ಬೆರಳಿಟ್ಟು ಜಾಗ ತೋರಿಸಿದೆ. ಅವರು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಆಮೇಲೆ ಮುಟ್ಟಿ ನೋಡಿದರು. ಅಷ್ಟಕ್ಕೇ ನನಗೆ ಅಳು ಬಂತು.

ಆಮೇಲೆ ತಪಾಸಣೆಯ ಮಂಚಕ್ಕೆ ಹಾಸಿದ್ದ ಕಾಗದದ ಮೇಲೇ ಪೆನ್ನಿನಲ್ಲಿ ಒಂದು ಸೊನ್ನೆ ಬರೆದರು. ಅದು ನಾನಂತೆ. ಅದರ ಮೇಲೆ ಇನ್ನೊಂದು ಸೊನ್ನೆ, ಅಮ್ಮ.

'ಇದ್ದಾರಾ?'

'ಇಲ್ಲ.'

ಸೊನ್ನೆಗೆ ಅಡ್ಡಗೆರೆ ಬಿತ್ತು. 'ಯಾವ ಕಾಯಿಲೆ?'

'ಕಾಯಿಲೆ ಇಲ್ಲ. ನಿದ್ದೆ. ಮುಗೀತು.'

'ವಯಸ್ಸು?'

'ಐವತ್ತಾರು.'

ಅವರು ತಲೆಯೆತ್ತಿ ನೋಡಿದರು. 'ಯಾರು ಹೇಳಿದ್ದು?'

'ಅಕ್ಕ.'

ಕನ್ನಡದಲ್ಲಾಗಿದ್ದರೆ ನಾನು ಬಿಡುತ್ತಿದ್ದೆನೇ? 'ಪುಣ್ಯಾತ್ಗಿತ್ತಿ ಡಾಕ್ಟ್ರೇ, ಯಾರ ಕೈಲೂ ಏನೂ ಮಾಡಿಸ್ಕೊಳ್ದೆ ಹೋಗ್ಬಿಟ್ಳು' ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದನ್ನೇ ಒಪ್ಪಿಸುತ್ತಿದ್ದೆ. ಅಷ್ಟು ಮಾತು ಆ ಭಾಷೆಯಲ್ಲಿ ನನ್ನ ಹತ್ತಿರ ಇರಲಿಲ್ಲ. ನಿದ್ದೆ, ಮುಗೀತು. ಹೇಳುತ್ತ ಹೇಳುತ್ತ ನನಗೇ ಅನುಮಾನ ಬಂತು.

ಡಾಕ್ಟರಮ್ಮ ಇನ್ನೆರಡು ಸೊನ್ನೆ ಬರೆದರು. ಒಂದು ನೀನು, ಒಂದು ನನ್ನ ಮಗಳು. ಒಂದೊಂದನ್ನೂ ಪೆನ್ನಿನಿಂದ ಮುಟ್ಟಿ, 'ಅಕ್ಕನ್ನ ಕೇಳಿ' ಎಂದು ನಿಧಾನವಾಗಿ ಎರಡು ಸಲ ಹೇಳಿದರು. ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ. ತಿಂಗಳ ಕೊನೆಗೆ ಅಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರಂತೆ.

ಹೊರಗೆ ಬಂದರೆ ಬೆಂಚಿನ ಮೇಲೆ ಒಬ್ಬ ಹೆಂಗಸು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ತಲೆಯಲ್ಲಿ ಒಂದೂ ಕೂದಲಿಲ್ಲ. ನನ್ನನ್ನು ನೋಡಿ ನಕ್ಕಳು. ನಾನು ಅವಳ ಪಕ್ಕದಲ್ಲೇ ಕೂತುಬಿಟ್ಟೆ.

ಅಮ್ಮ ಹೋದಾಗ ನಾನು ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಮನೆಯಲ್ಲಿ ಒಂದು ಮಾತ್ರೆಯ ಹಾಳೆಯೂ, ಒಂದು ಔಷಧಿ ಬಾಟಲಿಯೂ ಕಾಣಲಿಲ್ಲ. ಅಷ್ಟು ಚೊಕ್ಕವಾಗಿ ಎತ್ತಿಟ್ಟಿದ್ದೆ ನೀನು. 'ದೂರದಲ್ಲಿರೋಳು, ಪಾಪ, ಅವಳಿಗ್ಯಾಕೆ ಗಾಬರಿ' ಎಂದು ಅಮ್ಮನೇ ನಿನ್ನಿಂದ ಆಣೆ ಮಾಡಿಸಿಕೊಂಡಿರಬೇಕು. ಸಿಟ್ಟು ನೆತ್ತಿಗೇರಿತ್ತು ಕಣೇ, ಅದಕ್ಕೇ ಫೋನ್ ಎತ್ತಲಿಲ್ಲ. ಒಂದು ಸಲ ಅವಳ ಕಾಲೊತ್ತುವುದಕ್ಕಾದರೂ ನನ್ನನ್ನು ಕರೆಯಬಾರದಿತ್ತೇ? ಆಮೇಲೆ, ಮಗಳಿಗೆ ಹೇಳದೆ ನಾನು ಕ್ಲಿನಿಕ್ಕಿಗೆ ಹೋದದ್ದು ನೆನಪಾಗಿ ತೆಪ್ಪಗಾದೆ. ನಿನ್ನೆ ಅವಳಿಗೆ ಎಲ್ಲ ಹೇಳಿದೆ. 'ಮೊದ್ಲೇ ಹೇಳೋಕೇನಮ್ಮಾ ಧಾಡಿ ನಿಂಗೆ?' ಎಂದು ಬೈದು, ಅತ್ತು, ಇನ್ನುಮುಂದೆ ಡಾಕ್ಟರ ಹತ್ತಿರ ತಾನೇ ಮಾತಾಡುತ್ತೇನೆ ಎಂದಿದ್ದಾಳೆ.

ಅಮ್ಮನಿಗೆ ಏನಾಗಿತ್ತು? ಇದೊಂದನ್ನು ಬರೆ. ಮತ್ತೆ, ನೀನೂ ಹೋಗಿ ತೋರಿಸಿಕೊಂಡು ಬಾ, ನನ್ನಾಣೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೀನು ನೂರು ವರ್ಷ ನನ್ನ ತಲೆ ತಿನ್ನುತ್ತ ಬಾಳಬೇಕು.

ನಿನ್ನ ತಂಗಿ

ತಾ.ಕ.: ಕೊನೆಯ ಸಲ ಫೋನಿನಲ್ಲಿ ಅಮ್ಮ, 'ಈಗ ತಲೆ ಬಾಚೋ ರಗಳೆನೇ ಇಲ್ಲ ಕಣೇ, ಹಾಯಾಗಿದೀನಿ' ಅಂದಿದ್ದಳು. 'ಓಹೋ, ಈ ವಯಸ್ಸಲ್ಲಿ ಸ್ಟೈಲಾಗಿ ಕೂದ್ಲು ಕತ್ತರಿಸ್ಕೊಂಡ್ಯಾ?' ಎಂದು ನಾನು ನಕ್ಕೆ. ಅವಳೂ ನಕ್ಕಳು. ಹಿಂದೆ ಯಾರೋ ಮೂಗೆಳೆಯುತ್ತಿದ್ದ ಸದ್ದು ಕೇಳಿಸಿತು. ಯಾರಮ್ಮಾ ಅದು ಅಂದೆ. 'ನಿಮ್ಮಕ್ಕ. ಅವಳಿಗೆ ನೆಗಡಿ' ಅಂದಳು. ಎಂಟು ವರ್ಷವಾಯಿತು. ನಿನ್ನ ನೆಗಡಿ ವಾಸಿಯಾಯಿತೇನೇ, ಅಕ್ಕಾ?