ಡಾಕ್ಟರಿಗೆ ನಾನು ಹೇಳಿದ ಸುಳ್ಳು

ನಮ್ಮ ಮನೆಯ ಸಾಹೇಬರಾದ ಅತ್ತೆಯವರಿಗೆ ನಿಮ್ಮ ಹಿರಿಸೊಸೆಯ ನಮಸ್ಕಾರಗಳು.

ಹೌದು, ನಿಮ್ಮ ಬೆನ್ನ ಹಿಂದೆ ನಾವೆಲ್ಲ ನಿಮ್ಮನ್ನು ಸಾಹೇಬರು ಎಂದೇ ಕರೆಯುವುದು. ಹದಿನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಇವತ್ತು ಒಪ್ಪಿಕೊಂಡುಬಿಡುತ್ತಿದ್ದೇನೆ. ನಾದಿನಿಯ ಬಾಣಂತನಕ್ಕೆಂದು ನೀವು ಹೋಗಿ ಐದು ವಾರವಾಯಿತು. ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೋದರೆ ‘ಆಯ್ತು ಬಿಡು, ಮಗು ಅಳ್ತಿದೆ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ನನ್ನ ಹತ್ತಿರ ಎರಡು ಸುದ್ದಿಗಳಿವೆ. ಮೊದಲೇ ಹೇಳಿದರೆ ಉಳಿದದ್ದನ್ನು ನೀವು ಓದುವುದಿಲ್ಲ, ಆದ್ದರಿಂದ ಕೊನೆಯಲ್ಲಿ ಹೇಳುತ್ತೇನೆ. ಕನ್ನಡಕ ಹಾಕಿಕೊಂಡು ಒಬ್ಬರೇ ಕೂತು ಓದಿ. ಅಥವಾ ನಾದಿನಿಯ ಕೈಯಲ್ಲಿ ಗಟ್ಟಿಯಾಗಿ ಓದಿಸಿದರೂ ಸರಿ, ಈಗ ನನಗೇನೂ ಅಡ್ಡಿಯಿಲ್ಲ.

ಮೊದಲು ನಮ್ಮ ಹಳೆಯ ಜಗಳಕ್ಕೆ ಬರುತ್ತೇನೆ. ಮದುವೆಯಾಗಿ ಬಂದ ಮೊದಲ ವಾರವೇ ನೀವು ನನ್ನ ಬಟ್ಟೆಗಳನ್ನು ಎತ್ತಿಕೊಂಡು ಒಗೆಯಲು ಹೋದಿರಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು ನೀವು. ಹಾಸಿಗೆಯ ಹೊದಿಕೆ ಕೈಗೆ ಬಂದ ತಕ್ಷಣ ಇದು ಅಯೋಡಿನ್, ಇದು ಟಾನಿಕ್, ಇದು ನಿನ್ನೆಯ ರಕ್ತ, ಇದು ಮೊನ್ನೆಯದು ಎಂದು ಬೇರೆ ಮಾಡಿ ರಾಶಿ ಹಾಕುತ್ತಿದ್ದವರು. ನಿವೃತ್ತರಾದ ಮೇಲೂ ಕೈ ಸುಮ್ಮನಿರಬೇಕಲ್ಲ. ನನ್ನ ಒಳಬಟ್ಟೆಗಳನ್ನು ನಾನೇ ಒಗೆದುಕೊಳ್ಳುತ್ತೇನೆಂದು ಎಷ್ಟು ಸಲ ಹೇಳಿದರೂ ನಾನು ಡ್ಯೂಟಿಗೆ ಹೋದ ಕೂಡಲೇ ಬಕೆಟ್ಟು ನಿಮ್ಮ ಪಾಲಾಗಿರುತ್ತಿತ್ತು. ನಿಮ್ಮ ಮಗನ ಹತ್ತಿರ ನಾನು ಅದೆಷ್ಟು ಗೊಣಗಿದ್ದೇನೋ. ಅವರು ಲಿಫ್ಟ್ ರಿಪೇರಿಯವರು, ಮೇಲಿನವರ ಜಗಳವೂ ಬೇಡ ಕೆಳಗಿನವರ ಜಗಳವೂ ಬೇಡ ಎಂದು ನಡುವಿನ ಮಹಡಿಯಲ್ಲೇ ನಿಂತುಬಿಡುತ್ತಿದ್ದರು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಹೇಳುತ್ತಲೇ ಇರಬೇಕು. ಬದಲಿ ಬರುವವರೆಗೆ ಏಳುವಂತಿಲ್ಲ. ಹೋದ ವರ್ಷದ ಆರಂಭದಲ್ಲಿ ಕೂತಲ್ಲೇ ಹೊಟ್ಟೆಯ ಕೆಳಗೆ ಚುಚ್ಚಲು ಶುರುವಾಯಿತು. ಹತ್ತು ನಿಮಿಷಕ್ಕೊಮ್ಮೆ ಅವಸರವಾಗುವುದು, ತಡೆಯಲಾಗದೆ ಎರಡು ಹನಿ ಬಟ್ಟೆಗೆ ಹೋಗುವುದು. ಒಂದು ದಿನ ನೋಡಿದರೆ ಮೂತ್ರ ಕೆಂಪಗಿತ್ತು. ನಾಲ್ಕೈದು ದಿನಕ್ಕೆ ಎಲ್ಲ ನಿಂತುಹೋಯಿತು, ನಾನೂ ಮರೆತೆ. ಮುಂದಿನ ತಿಂಗಳು ಮತ್ತೆ ಬಂತು. ಮೂರನೆಯ ಸಲ ನಿಮ್ಮ ಮಗನಿಗೆ ಹೇಳಿದೆ, ಅವರು ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಸ್ಕ್ಯಾನ್ ಮಾಡಿದರು, ಕೊಳವೆ ಹಾಕಿ ಒಳಗೆ ನೋಡಿದರು. ಮೂತ್ರಕೋಶದ ಗೋಡೆಯಲ್ಲಿ ಒಂದು ಗಡ್ಡೆ. ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ವರದಿಯ ದಿನ ನಿಮ್ಮ ಚಿಕ್ಕ ಮಗ ತನ್ನ ಟ್ಯಾಕ್ಸಿಯಲ್ಲಿ ನಮ್ಮನ್ನು ಕರೆದೊಯ್ದ, ಒಳಗೂ ಬಂದು ನನ್ನ ಪಕ್ಕದಲ್ಲೇ ಕೂತ. ಸಿಕ್ಕ ಚೂರು ಬರೀ ಮೇಲ್ಪದರದ್ದು, ಅದರಲ್ಲಿ ಏನೂ ಸ್ಪಷ್ಟವಿಲ್ಲ, ಆದರೆ ಗಡ್ಡೆಯ ಲಕ್ಷಣ ನೋಡಿದರೆ ಕ್ಯಾನ್ಸರ್ ಇರುವ ಸಂಭವವೇ ಹೆಚ್ಚು ಎಂದರು ಡಾಕ್ಟರು. ಹತ್ತು ದಿನದಲ್ಲಿ ಮತ್ತೆ ಆಳವಾಗಿ ಕತ್ತರಿಸಿ ನೋಡಬೇಕು, ಅದೇ ಆಗಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕು, ಆಮೇಲೆ ಜೀವಮಾನವಿಡೀ ಹೊಟ್ಟೆಯ ಮೇಲೊಂದು ಚೀಲ. ಅಷ್ಟು ಹೇಳಿ, ಹಾಳೆ ತಿರುವುತ್ತಾ ಅವರು ಕೇಳಿದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ. “ಈ ರಕ್ತ ಮುಟ್ಟಿನ ಸಮಯದಲ್ಲೇ ಬರುತ್ತಾ ಅಮ್ಮಾ?”

ನಾನು ಇಲ್ಲ ಅಂದೆ.

ಸುಳ್ಳು ಅತ್ತೆ. ಗೊತ್ತಿದ್ದೂ ಹೇಳಿದ ಸುಳ್ಳು. ಪಕ್ಕದಲ್ಲಿ ಮೈದುನ ಕೂತಿದ್ದ, ಅಷ್ಟೇ ಕಾರಣ. ದಿನಕ್ಕೆ ಸಾವಿರಾರು ಜನ ಕಿವಿಗೊಟ್ಟು ಕೇಳುವ ನನ್ನ ಬಾಯಿಂದ ಆ ಒಂದು ‘ಹೌದು’ ಹೊರಡಲಿಲ್ಲ. ಡಾಕ್ಟರು ‘ಇಲ್ಲ’ ಎಂದು ಬರೆದುಕೊಂಡರು. ಅದರಿಂದ ಏನು ವ್ಯತ್ಯಾಸವಾದೀತು, ಕ್ಯಾನ್ಸರ್ ಅಂತೂ ಬಂದಾಯಿತಲ್ಲ ಎಂದುಕೊಂಡೆ. ದಾರಿಯುದ್ದಕ್ಕೂ ಮಗಳಿಗೆ ಇನ್ನೂ ಹನ್ನೊಂದು ತುಂಬಿಲ್ಲ ಎಂಬುದನ್ನೇ ಯೋಚಿಸುತ್ತಿದ್ದೆ.

ಮನೆಯಲ್ಲಿ ನಿಮ್ಮ ಮಗ ಎಲ್ಲವನ್ನೂ ನಿಮಗೆ ಹೇಳಿದರು. ನೀವು ಅಳಲಿಲ್ಲ, ನನ್ನ ತಲೆ ಸವರಲೂ ಇಲ್ಲ. ಕಲ್ಲೆದೆಯ ಹೆಂಗಸು ಎಂದು ನಾನು ಹಲ್ಲು ಕಚ್ಚಿಕೊಂಡೆ. ಸಂಜೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕರೆದು ನೇರವಾಗಿ ಕೇಳಿದಿರಿ, ಇದು ತಿಂಗಳ ಹೊತ್ತಿಗೇ ಬರುವುದೆಂದು ಡಾಕ್ಟರಿಗೆ ಹೇಳಿದೆಯಾ ಎಂದು. ನಿಮಗೆ ಹೇಗೆ ಗೊತ್ತು ಎಂದೆ. ನೀವು ಬೆರಳು ಮಡಿಸಿ ಲೆಕ್ಕ ಹೇಳಿದಿರಿ. ಮೂರು ತಿಂಗಳಿಂದ ಲಂಗದ ಮೇಲೆ ನೀರು ಬೆರೆತ ತಿಳಿ ಕಲೆ, ಎರಡು ದಿನ ಕಳೆದ ಮೇಲೆ ಮಾಮೂಲಿ ಮುಟ್ಟಿನ ಕಲೆ, ಅದು ಮುಗಿದರೆ ಇದೂ ಮುಗಿಯುತ್ತದೆ, ಉಳಿದ ದಿನ ಒಂದು ಚುಕ್ಕೆಯೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಬೇರೆಯವರ ಬಟ್ಟೆಯಲ್ಲಿ ಮೂಗು ತೂರಿಸುವುದೇ ನಿಮ್ಮ ಕಸುಬು, ನಾನು ಸತ್ತರೂ ಈ ಮಾತು ಗಂಡಸರ ಮುಂದೆ ಆಡಬೇಡಿ ಎಂದು ಕೂಗಾಡಿದೆ. ನೀವು ಕೈಯ ಸೋಪು ತೊಳೆದುಕೊಂಡು ಹೇಳಿದಿರಿ: “ಸಾಯೋದಕ್ಕಿಂತ ನಾಚ್ಕೆ ದೊಡ್ಡದಾ ನಿಂಗೆ?”

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ನೀವು ಆಗಲೇ ಚಪ್ಪಲಿ ಮೆಟ್ಟಿಕೊಂಡು ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ನಿಮ್ಮನ್ನು ಇಳಿಸುವ ಧೈರ್ಯ ಯಾರಿಗಿತ್ತು. ಡಾಕ್ಟರ ಕೋಣೆಯಲ್ಲಿ ಅವತ್ತು ಇಬ್ಬರು ಎಳೆಯ ಡಾಕ್ಟರುಗಳು ಬೇರೆ ನಿಂತಿದ್ದರು. ದೊಡ್ಡ ಡಾಕ್ಟರು ಬಾಯಿ ತೆರೆಯುವ ಮೊದಲೇ ನೀವು ಶುರುಮಾಡಿದಿರಿ. “ಸ್ವಾಮೀ, ನನ್ನ ಸೊಸೆ ಮೊನ್ನೆ ನಿಮ್ಗೆ ಸುಳ್ಳು ಹೇಳಿದಾಳೆ. ಮುಟ್ಟಿಗೆ ಎರಡು ದಿನ ಮುಂಚೆ ಬರತ್ತೆ, ಮುಟ್ಟು ನಿಂತ್ರೆ ನಿಲ್ಲತ್ತೆ. ಬಟ್ಟೆ ಒಗ್ಯೋಳು ನಾನು, ನಂಗೊತ್ತು.” ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಮೈದುನ ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರವನ್ನು ಪರೀಕ್ಷೆಗೆ ಓದುವವನ ಹಾಗೆ ಓದತೊಡಗಿದ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಹೌದು ಅಂದೆ.

ಅಲ್ಲಿಂದ ಮುಂದೆ ಅವರ ದನಿಯೇ ಬದಲಾಯಿತು. ಮಗಳು ಸಿಸೇರಿಯನ್ ಆಗಿ ಹುಟ್ಟಿದವಳೇ ಎಂದು ಕೇಳಿದರು. ಹೌದೆಂದೆ. ಗರ್ಭಕೋಶದ ಒಳಪದರ ಕೆಲವರಲ್ಲಿ ಸಿಸೇರಿಯನ್ ಗಾಯದ ಮೂಲಕ ದಾಟಿ ಮೂತ್ರಕೋಶದ ಗೋಡೆಯಲ್ಲಿ ಬೇರೂರಿ, ಅಲ್ಲೂ ತಿಂಗಳು ತಿಂಗಳು ಸ್ರವಿಸುತ್ತದಂತೆ, ಮೇಲುನೋಟಕ್ಕೆ ಗಡ್ಡೆ ಥೇಟು ಕ್ಯಾನ್ಸರಿನಂತೆಯೇ ಕಾಣುತ್ತದಂತೆ. ಹಳೆಯ ಸೋಂಕು, ಉರಿಯೂತ, ಬಹಳ ದಿನ ಹಾಕಿಟ್ಟ ಕೊಳವೆಯ ಗಾಯ, ಇವೂ ಹೀಗೇ ವೇಷ ಹಾಕಿಕೊಂಡು ಹೆದರಿಸುವುದುಂಟಂತೆ. ಆದರೂ ನೋಡದೆ ಏನೂ ಹೇಳಲಾರೆ ಎಂದು ಅವರು ಎಚ್ಚರದಿಂದಲೇ ಮಾತಾಡಿದರು. ಇನ್ನೊಂದು ಸ್ಕ್ಯಾನ್ ಮಾಡಿಸಿ, ಮುಂದಿನ ಮುಟ್ಟಿನ ದಿನಗಳಲ್ಲೇ ಒಳಗೆ ನೋಡಿ, ಈ ಸಲ ಆಳದ ಚೂರು ತೆಗೆದು ಕಳಿಸಿದರು. ಪರೀಕ್ಷೆ ಮಾಡುವವರಿಗೆ ಏನನ್ನು ಹುಡುಕಬೇಕೆಂದು ಚೀಟಿಯನ್ನೂ ಬರೆದರು. ವರದಿ ಬರುವವರೆಗಿನ ಒಂಬತ್ತು ದಿನ ನಾನು ಹೇಗೆ ಕಳೆದೆನೋ ನಿಮಗೇ ಗೊತ್ತು. ನೀವಂತೂ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಎರಡೆರಡು ಸಲ ಒಗೆದಿರಿ.

ಕ್ಯಾನ್ಸರ್ ಅಲ್ಲ, ಗರ್ಭಕೋಶದ ಆ ಒಳಪದರವೇ ಎಂದು ಡಾಕ್ಟರು ಹೇಳಿದಾಗ ನಿಮ್ಮ ಮಗ ಅತ್ತರು, ಮೈದುನ ಅತ್ತ, ನಾನು ಅತ್ತೆ. ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆದು ಹೊಲಿಯುತ್ತೇನೆ, ಮೂತ್ರಕೋಶ ಎಲ್ಲಿಗೂ ಹೋಗುವುದಿಲ್ಲ ಎಂದರು. ನೀವು ಹೊಲಿಗೆ ಬಿಚ್ಚುವುದು ಯಾವಾಗ ಎಂದು ಕೇಳಿದಿರಿ. ಕಾರಿಡಾರಿನಲ್ಲಿ ಮಾತ್ರ ನನ್ನ ಮುಂಗೈ ಹಿಡಿದವರು ಟ್ಯಾಕ್ಸಿ ಹತ್ತುವವರೆಗೂ ಬಿಡಲಿಲ್ಲ. ಅವತ್ತು ನಾನು ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ನಿಮ್ಮನ್ನು ಕಲ್ಲೆದೆಯವರು ಎಂದುಕೊಂಡದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ನೀವೆಂದರೆ ನನಗೆ ಪ್ರಾಣ ಅತ್ತೆ, ಇದನ್ನು ಎದುರಿಗೆ ಹೇಳಿದರೆ ನೀವು ಎದ್ದು ಹೋಗುತ್ತೀರಿ.

ಇನ್ನು ಸುದ್ದಿಗಳು. ಮೊದಲನೆಯದು, ನಿನ್ನೆ ವರ್ಷದ ತಪಾಸಣೆಯಾಯಿತು. ಒಳಗೆ ಎಲ್ಲ ಸ್ವಚ್ಛವಾಗಿದೆ, ಹೊಲಿಗೆ ಹಾಕಿದ ಜಾಗ ಹುಡುಕಿದರೂ ಕಾಣುವುದಿಲ್ಲ ಎಂದರು ಡಾಕ್ಟರು. ನಿಮ್ಮನ್ನು ಬಹಳ ಕೇಳಿದರು. ಈಗ ಪ್ರತಿ ಹೆಂಗಸಿಗೂ ಆ ಪ್ರಶ್ನೆಯನ್ನು ಕೇಳುವ ಮೊದಲು ಜೊತೆಗೆ ಬಂದವರನ್ನು ಹೊರಗೆ ಕಳಿಸುತ್ತಾರಂತೆ.

ಎರಡನೆಯದು ಇವತ್ತಿನದು. ಬೆಳಿಗ್ಗೆ ತಿಂಡಿಗೆ ಎಲ್ಲರೂ ಕೂತಿದ್ದೆವು. ನಿಮ್ಮ ಮೊಮ್ಮಗಳು ಬಚ್ಚಲಿಂದ ಬಂದು ತನ್ನ ಕುರ್ಚಿ ಎಳೆದುಕೊಂಡು ಕೂತಳು. ಅಪ್ಪನೂ ಚಿಕ್ಕಪ್ಪನೂ ಎದುರಿಗೇ ಇದ್ದರು. “ಅಮ್ಮಾ, ನಂಗೆ ಮುಟ್ಟು ಶುರುವಾಯ್ತು. ಸ್ವಲ್ಪ ಹೊಟ್ಟೆನೋವಿದೆ, ಮೂತ್ರ ಮಾಮೂಲಿ ಬಣ್ಣನೇ ಇದೆ” ಅಂದಳು. ಅಂದು ತಟ್ಟೆಗೆ ಕೈ ಹಾಕಿದಳು. ನಾನು ಗಂಡಸರ ಕಡೆ ನೋಡಿದೆ. ನಿಮ್ಮ ಹಿರಿಮಗ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಇವತ್ತಿನ ದಿನಕ್ಕೆ ಗುರುತು ಹಾಕಿದರು. ಮೈದುನ ಬಿಸಿನೀರಿನ ಚೀಲ ಎಲ್ಲಿದೆ ಎಂದು ಕೇಳಿದ.

ಮೈ ಜೋಪಾನ. ಬಾಣಂತಿಗೂ ಮಗುವಿಗೂ ನನ್ನ ಹಾರೈಕೆ, ನಿಮಗೆ ನೂರು ವರ್ಷ ಗಟ್ಟಿ ಕೈಕಾಲು. ಬೇಗ ಮನೆಗೆ ಬನ್ನಿ ಅತ್ತೆ, ನಾನು ಬರೆದು ತಿಳಿಸಿದರೂ ಹುಡುಗಿ ತನ್ನ ಅಜ್ಜಿಗೆ ತಾನೇ ಹೇಳಬೇಕಂತೆ.

ನಿಮಗೆ ಋಣಿಯಾದ, ಇನ್ನೆಂದೂ ಸುಳ್ಳು ಹೇಳದ
ನಿಮ್ಮ ಸೊಸೆ