ಅಮ್ಮನ ನಾಲ್ಕು ನಿಮಿಷ

ಮನೆಯಿಂದ
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ತಮ್ಮಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಬಿಸಿ ಎಣ್ಣೆ ಸಿಡಿದ ಕೈ ಒಣಗಿತೇ? ಮುಲಾಮು ಹಚ್ಚದೆ ಬಟ್ಟೆ ಸುತ್ತಿಕೊಂಡು ತಿರುಗುತ್ತೀಯೇನೋ ಎಂದು ನನಗೆ ಒಂದೇ ಚಿಂತೆ. ನಾನು ಇದ್ದೇನೆ. ಅಮ್ಮ ಹೋಗಿ ಐದು ವಾರವಾಯಿತು. ಇವತ್ತೂ ಮರೆತು ಎರಡು ಲೋಟ ಇಟ್ಟೆ.

ನಿನ್ನ ಕಾಗದ ಬಂತು. ಅಮ್ಮನ ನಾಲ್ಕು ನಿಮಿಷದ ವಿಡಿಯೋ ದಿನಾ ನೋಡುತ್ತೀಯಂತೆ, ಶಬ್ದ ಇರುವುದನ್ನು ಮತ್ತೆ ಕಳಿಸು ಎಂದು ಮೂರು ಕಡೆ ಬರೆದಿದ್ದೀಯ. ನಿನ್ನ ಆ ಪುಟ್ಟ ಪ್ಲೇಯರ್, ಅಮ್ಮ ಸೋಪಿನ ಡಬ್ಬಿ ಎನ್ನುತ್ತಿದ್ದಳಲ್ಲ ಅದು, ಫೋನಿನಲ್ಲಿ ತೆಗೆದದ್ದನ್ನು ಹಾಗೆಯೇ ಓಡಿಸುವುದಿಲ್ಲವಲ್ಲ. ಮೇಲ್ಮನೆಯ ಟೈಪಿಂಗ್ ಟೀಚರ ಕಂಪ್ಯೂಟರಿಗೆ ಹಾಕಿ, ಅದರ ಪರದೆಗೆ ತಕ್ಕಂತೆ ಚಿಕ್ಕದು ಮಾಡಿ, ಅದು ಒಪ್ಪುವ ಫೈಲಾಗಿ ಬದಲಿಸಿ ಮೆಮೊರಿ ಕಾರ್ಡಿಗೆ ಇಳಿಸಿ ಅಂಚೆಗೆ ಹಾಕಬೇಕು. ನೀನು ಬರೆದುಕೊಟ್ಟ ಚೀಟಿ ಇನ್ನೂ ಬೀರುವಿನ ಬಾಗಿಲಲ್ಲೇ ಇದೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಸಾಲುಸಾಲಿಗೂ ಬೆರಳಿಟ್ಟುಕೊಂಡು ಮಾಡುತ್ತೇನೆ. ಕೊನೆಯ ಸಾಲು, "ಬದಲಿಸಿದ ಮೇಲೆ ಹಳೆಯದನ್ನು ಅಳಿಸು, ಫೋನು ತುಂಬುತ್ತೆ." ಅಳಿಸಿಬಿಟ್ಟೆ. ಶಬ್ದ ಹೋದದ್ದು ಬದಲಿಸುವಾಗ ಆದ ತಪ್ಪು ಎಂದು ಆಗಲೇ ಬರೆದಿದ್ದೆನಲ್ಲ. ಮೊನ್ನೆ ರಿಪೇರಿ ಅಂಗಡಿಗೂ ಓಡಿದೆ. ಅವರು ಫೋನೆಲ್ಲ ಜಾಲಾಡಿ, "ಇಷ್ಟು ದಿನ ಆದ್ಮೇಲೆ ಹಳೇದು ಸಿಗಲ್ಲಮ್ಮ. ಈ ಬದಲಿಸಿದ ಕಾಪೀಲಿ ಶಬ್ದಾನೇ ಇಲ್ಲ, ಎಲ್ಲಿಂದ ತರ್ಲಿ?" ಎಂದರು. ಅಲ್ಲೇ ಗಿರಾಕಿಗಳ ಮುಂದೆ ಅತ್ತುಬಿಟ್ಟೆ.

ಅದಕ್ಕೇ ಬರೆಯುತ್ತೇನೆ, ಪಕ್ಕದಲ್ಲಿಟ್ಟುಕೊಂಡು ನೋಡು. ಅಮ್ಮ ಕೂದಲು ಸರಿಮಾಡಿಕೊಳ್ಳುತ್ತಾ "ಶುರುವಾಯ್ತೇನೇ?" ಎನ್ನುವುದು ನನಗೆ. ಬೆರಳು ಆಡಿಸುವಾಗ, "ಒದ್ದೆ ತಲೇಲಿ ಗಾಳಿಗೆ ನಿಲ್ಬೇಡ ಕಣೋ." ನಗುವಾಗ, "ಊರಿಗೆಲ್ಲ ಬಡಿಸಿ ನೀನು ತಳ ಕೆರ್ಕೊಂಡು ತಿಂತೀಯ, ನಂಗೊತ್ತಿಲ್ವಾ?" ಕೊನೆಗೆ ಹತ್ತಿರ ಬಂದು ಹೇಳುವುದು, "ನಾನು ಚೆನ್ನಾಗಿದೀನಿ, ಯೋಚ್ನೆ ಮಾಡ್ಬೇಡ."

ಹೊತ್ತುಹೊತ್ತಿಗೆ ಊಟ ಮಾಡು. ಕೈ ಜೋಪಾನ. ಅಮ್ಮನ ಪಾಲಿನ ಆಶೀರ್ವಾದವನ್ನೂ ನಾನೇ ಸೇರಿಸಿ ಕಳಿಸುತ್ತಿದ್ದೇನೆ.

ನಿನ್ನ
ಅಕ್ಕ

ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಕೊನೆಗೆ ಅಮ್ಮ ಹೇಳಿದ್ದು ಅದಲ್ಲ ಕಣೋ. "ಒಂದ್ಸಲ ಬಂದು ಹೋಗೋ, ಕಾಯ್ತಿರ್ತೀನಿ" ಎಂದಳು. ಕೇಳಿದರೆ ನಡುನೀರಿನಲ್ಲಿ ಒದ್ದಾಡುತ್ತೀಯ, ಇದ್ದ ಕೆಲಸ ಬಿಟ್ಟು ಬಂದುಬಿಡುತ್ತೀಯ ಎಂದು ಹೆದರಿ, ಶಬ್ದ ಬೇಡ ಎಂದು ಟೀಚರ್‌ಗೆ ಹೇಳಿ ತೆಗೆಸಿದವಳು ನಾನೇ. ಕೊನೆಯ ಮಾತಷ್ಟನ್ನೇ ಕತ್ತರಿಸಬಹುದಿತ್ತಂತೆ, ಅದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ "ಕಳ್ಸಿದೀನಿ, ಅವನು ಕೇಳಿರ್ತಾನೆ" ಎಂದೆ. ಆಮೇಲೆ ಹೋಗುವವರೆಗಿನ ಹನ್ನೊಂದು ದಿನವೂ ಅವಳು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು.