ಕೊಂಬಿಲ್ಲದ ಯೋಧನ ನಡಿಗೆ

ಮೂರನೇ ಮಹಡಿ,
ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಬಾಚಣಿಗೆರಾಯನಿಗೆ,

ಹೇಗಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಸ್ಟೀರಿಂಗ್ ಹಿಡಿದುಕೊಂಡೇ ಬಿಸ್ಕತ್ತು ನುಂಗಿ ದಿನ ದೂಡುತ್ತೀಯಾ? ಈ ಚಳಿಗೆ ಎಡಗಾಲಿನ ನೋವು ಜಾಸ್ತಿಯಾಗಿರಬೇಕು. ಎಣ್ಣೆ ಹಚ್ಚಿಕೋ ಅಂದರೆ ನಗುತ್ತೀಯ, ನಗು. ಫೋನ್ ಮಾಡಿದರೆ ತೆಗೆಯುವುದಿಲ್ಲ, ಮೆಸೇಜು ಕಳಿಸಿದರೆ ನೋಡುವುದಿಲ್ಲ, ಅದಕ್ಕೇ ಈ ಕಾಗದವನ್ನು ನಿನ್ನ ಲಾರಿ ಆಫೀಸಿಗೆ ಕಳಿಸುತ್ತಿದ್ದೇನೆ. ಅಲ್ಲಿಯ ಗುಮಾಸ್ತರು ಪಾಪ, ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಆಮೇಲೆ ಹರಿ.

ಅಮ್ಮ ಹೋಗಿ ಎರಡು ವರ್ಷವಾಯಿತು. ನೀನು ಮನೆಗೆ ಬರದೆಯೂ ಅಷ್ಟೇ ಆಯಿತು. ಆ ದಿನ ನೀನು ತುಂಬಿದ ಲಾರಿಯನ್ನು ನಡುದಾರಿಯಲ್ಲಿ ಬಿಟ್ಟು ಬರಲಾಗದೆ ಒದ್ದಾಡಿದ್ದು ನನಗೆ ಗೊತ್ತು. ಎಲ್ಲ ಮುಗಿದ ಮೇಲೆ ಓಡೋಡಿ ಬಂದವನಿಗೆ ಅಪ್ಪ ಬಾಗಿಲಲ್ಲೇ ನಿಂತು, "ತಾಯಿ ಮುಖ ನೋಡೋಕೆ ಬರದೋನು ಇನ್ನು ಈ ಮೆಟ್ಟಿಲು ಹತ್ತಬೇಡ" ಅಂದುಬಿಟ್ಟರು. ನೀನೂ ಅಪ್ಪನ ಮಗನೇ ಅಲ್ಲವೇ, ನಿಂತಲ್ಲಿಂದಲೇ ಮೆಟ್ಟಿಲಿಳಿದು ಹೋದೆ. ನಾನು ಬಾಲ್ಕನಿಗೆ ಓಡಿದೆ. ನೀನು ತಿರುಗಿಯೂ ನೋಡಲಿಲ್ಲ. ಅಪ್ಪನೂ ನನ್ನ ಪಕ್ಕದಲ್ಲಿ ಬಂದು ನಿಂತಿದ್ದರು ಕಣೋ. ನೀನು ಮೂಲೆ ತಿರುಗಿದ ಮೇಲೂ ನಿಂತೇ ಇದ್ದರು. ಇದನ್ನು ನಿನಗೆ ಯಾರೂ ಹೇಳಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಈಗ ನನ್ನ ಕೆಲಸದ ಸುದ್ದಿ ಕೇಳು, ಯಾಕೆಂದರೆ ಎಲ್ಲ ಅಲ್ಲಿಂದಲೇ ಶುರುವಾದದ್ದು. ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಆಡುವ ಒಂದು ಹೊಸ ಯುದ್ಧದ ಆಟ ಮಾಡುತ್ತಿದ್ದೇವೆ. ಆಡುವವರು ಸೈನ್ಯ ಕಟ್ಟಿ, ಹಡಗು ಹತ್ತಿಸಿ, ದಡಕ್ಕೆ ಇಳಿಸಿ ಕಾದಾಡಿಸುವ ಆಟ. ಅದರ ವೈಕಿಂಗ್, ಅಂದರೆ ಹಿಂದಿನ ಕಾಲದ ಉತ್ತರ ಯುರೋಪಿನ ಕಡಲ ಯೋಧನನ್ನು ರೂಪಿಸುವ ಭಾಗ್ಯ ನನ್ನ ಪಾಲಿಗೆ ಬಂತು. ನಮ್ಮ ಮುಖ್ಯಸ್ಥರಿಗೆ ಒಂದೇ ಆಸೆ: ಟೋಪಿಗೆ ಕೊಂಬು ಇರಬೇಕು! "ಸಾರ್, ಆ ಜನ ಯುದ್ಧಕ್ಕೆ ಕೊಂಬಿನ ಟೋಪಿ ಹಾಕ್ತಿರಲಿಲ್ಲ. ಅದೆಲ್ಲ ಆಮೇಲಿನವರು ಬರೆದ ಚಿತ್ರ" ಎಂದು ಬಡಕೊಂಡೆ. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು ಅನ್ನು. ಈ ಆಟವನ್ನು ಮೇಲಿನಿಂದ ನೋಡಿ ಆಡುತ್ತಾರೆ, ನಾವು ಬಾಲ್ಕನಿಯಿಂದ ಬೀದಿ ನೋಡಿದ ಹಾಗೆ. ಯೋಧ ಹೆಬ್ಬೆರಳಿನಷ್ಟು ಕಾಣುತ್ತಾನೆ, ಮುಖವಂತೂ ಕಾಣುವುದೇ ಇಲ್ಲ. "ಕೊಂಬೂ ಬೇಡ ಅಂದ್ರೆ ಇವನನ್ನ ಗುರುತು ಹಿಡಿಯೋದು ಹೇಗಮ್ಮಾ?" ಎಂದು ಕೇಳಿದರು. ನನಗೆ ನಗು ಬಂತು. ಮೇಲಿನಿಂದ ಒಬ್ಬನ ಗುರುತು ಹಿಡಿಯುವುದನ್ನು ನನ್ನನ್ನು ಕೇಳುತ್ತಾರಲ್ಲ! ನೀನು ಶಾಲೆ ಬಿಟ್ಟು ಬರುವಾಗ, ಆಮೇಲೆ ಲಾರಿ ನಿಲ್ಲಿಸಿ ಬರುವಾಗ, ಅದೇ ಬಾಲ್ಕನಿಯಲ್ಲಿ ನಿಂತು ಕಾದವಳು ನಾನು.

ಅದಕ್ಕೇ ಅವನಿಗೆ ನಿನ್ನ ನಡಿಗೆ ಕೊಟ್ಟೆ. ಗೋಡೆಯಿಂದ ಬಿದ್ದು ಮುರಿದು ಸೊಟ್ಟಗೆ ಕೂಡಿಕೊಂಡ ಎಡಗಾಲನ್ನು ಚೂರು ಎಳೆಯುವುದು, ಅದು ಯಾರಿಗೂ ಕಾಣಬಾರದೆಂದು ಬಲಭುಜ ಮುಂದೆ ಮಾಡಿ ಏನೋ ದೊಡ್ಡ ಪೈಲ್ವಾನನ ಹಾಗೆ ಬೀಸಿಕೊಂಡು ಬರುವುದು. ಉಳಿದದ್ದೆಲ್ಲ ಇತಿಹಾಸದ ಪ್ರಕಾರವೇ ಇದೆ: ಬೋಳು ಕಬ್ಬಿಣದ ಟೋಪಿ, ಮರದ ದುಂಡು ಗುರಾಣಿ, ಉಣ್ಣೆಯ ಅಂಗಿ, ಉದ್ದ ಹಿಡಿಯ ಕೊಡಲಿ. ಇನ್ನೊಂದು ಕೇಳು, ಆ ಜನರಿಗೆ ಬಾಚಣಿಗೆ ಅಂದರೆ ಪ್ರಾಣವಂತೆ. ಸತ್ತವರ ಜೊತೆ ಅದನ್ನೂ ಹೂಳುತ್ತಿದ್ದರಂತೆ. ನಿನ್ನ ಪೂರ್ವಜರೇ ಇರಬೇಕು! ಆಟದಲ್ಲಿ ಯಾರೂ ಅಪ್ಪಣೆ ಕೊಡದೆ ಸುಮ್ಮನೆ ನಿಂತಾಗ ಅವನು ಸೊಂಟದಿಂದ ಬಾಚಣಿಗೆ ತೆಗೆದು ಗಡ್ಡ ಬಾಚಿಕೊಳ್ಳುತ್ತಾನೆ. ಕನ್ನಡಿ ಕಂಡಲ್ಲೆಲ್ಲ ನೀನು ಮಾಡುವ ಕೆಲಸ. ಸಭೆಯಲ್ಲಿ ಅವನನ್ನು ನೂರಾರು ಯೋಧರ ನಡುವೆ ಬಿಟ್ಟು ತೋರಿಸಿದೆ. ಮುಖ್ಯಸ್ಥರು ತಟ್ಟನೆ ಬೆರಳಿಟ್ಟು, "ಅಗೋ, ಇವನು!" ಅಂದರು. ಕೊಂಬಿನ ಮಾತು ಮತ್ತೆ ಎತ್ತಲಿಲ್ಲ.

ಅವರಿಗಿಂತ ಮೊದಲೇ ಅವನ ಗುರುತು ಹಿಡಿದವರು ಅಪ್ಪ. ಅವರಿಗೆ ಈ ವರ್ಷ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು, ಆದರೆ ಹಳೆಯದು ಹೊಸದು ಎಲ್ಲ ಕಲಸಿಹೋಗಿದೆ. ಮೆಟ್ಟಿಲು ಹತ್ತಬೇಡ ಅಂದದ್ದನ್ನು ಅವರು ಮರೆತಿದ್ದಾರೆ. ನೀನು ಮರೆತಿಲ್ಲ. ಅವರನ್ನು ನೋಡಿಕೊಳ್ಳಬೇಕೆಂದು ನಾನು ಮನೆಯಲ್ಲೇ ಕೆಲಸ ಮಾಡುತ್ತಿದ್ದೇನೆ. ಒಂದು ದಿನ ಯೋಧನನ್ನು ನಡೆಸಿ ನೋಡುತ್ತಿದ್ದಾಗ ಹಿಂದಿನಿಂದ ದನಿ ಬಂತು: "ಬಂದ ನೋಡೇ. ಬಾಗಿಲು ತೆಗಿ, ಹಸ್ಕೊಂಡು ಬಂದಿರ್ತಾನೆ." ಅಲ್ಲ ಅಪ್ಪ, ಇದು ಗೊಂಬೆ ಅನ್ನುವ ಬದಲು ಅವನನ್ನು ಇನ್ನೊಂದು ಸಲ ನಡೆಸಿ ತೋರಿಸಿದೆ. ಅಂದಿನಿಂದ ದಿನಾ ಸಂಜೆ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಿದ್ದರು. ಅವನು ನಡೆದು ಬರುವುದನ್ನು ನೋಡಿ ಸಮಾಧಾನವಾಗಿ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದರು. ಇಷ್ಟು ಸಣ್ಣ ಸುಳ್ಳಿನಿಂದ ಮುದುಕರ ಹೊಟ್ಟೆ ತುಂಬುವುದಾದರೆ ಇರಲಿ ಬಿಡು ಅಂದುಕೊಂಡೆ.

ಆದರೆ ಇದು ಯುದ್ಧದ ಆಟ. ಪ್ರತಿ ಯೋಧನೂ ನಿಲ್ಲಬೇಕು, ನಡೆಯಬೇಕು, ಹೊಡೆಯಬೇಕು, ಕೊನೆಗೆ ಸಾಯಬೇಕು. ಸಾಯುವುದನ್ನು ನಾನು ಕೊನೆಯವರೆಗೂ ಮುಂದೂಡಿದೆ. ಹೋದ ವಾರ ಬೇರೆ ದಾರಿಯಿರಲಿಲ್ಲ. ಕೊಡಲಿ ಕೈಯಿಂದ ಜಾರುವ ರೀತಿ ಸರಿ ಬಾರದೆ, ಅವನು ಬಿದ್ದು, ಎದ್ದು, ಮತ್ತೆ ಬೀಳುವ ಹಾಗೆ ಆ ಚಲನೆಯನ್ನೇ ನಿಲ್ಲದೆ ಮತ್ತೆ ಮತ್ತೆ ಓಡಿಸಿಟ್ಟು ನೋಡುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು, ಎದ್ದು ಓಡಿದೆ. ತಿರುಗಿ ಬಂದರೆ ಅಪ್ಪ ಕಂಪ್ಯೂಟರ್ ಪರದೆಯ ಮುಂದೆ ಬಗ್ಗಿ, ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡಿದ್ದಾರೆ. "ಏಳೋ ಮಗನೇ, ಏಳು. ಹಾಂ, ಹಾಗೆ. ಅಯ್ಯೋ, ಮತ್ತೆ ಬಿದ್ದನಲ್ಲೇ! ಯಾರಾದ್ರೂ ಹಿಡ್ಕೊಳ್ರೋ ಅವನನ್ನ!" ಗಾಬರಿಯಲ್ಲಿ ನಾನು ಪರದೆ ಆರಿಸಿಬಿಟ್ಟೆ. ಅದೇ ತಪ್ಪಾಯಿತು. ಆರಿಸಿದಾಗ ಅವನು ಬಿದ್ದಿದ್ದ. ಅಪ್ಪನ ಪಾಲಿಗೆ ಮತ್ತೆ ಏಳಲೇ ಇಲ್ಲ.

ಅಂದಿನಿಂದ ಅವರು ನಿನ್ನ ದಾರಿ ಕಾಯುವುದನ್ನು ಬಿಟ್ಟರು. ಪಕ್ಕದ ಮನೆಯವರ ಹತ್ತಿರ, "ನಮ್ಮ ಹುಡುಗ ಹೋಗ್ಬಿಟ್ಟ" ಎಂದು ಮೆಲ್ಲಗೆ ಹೇಳುತ್ತಾರೆ. ಯೋಧನನ್ನು ಮತ್ತೆ ನಡೆಸಿ ತೋರಿಸಿದೆ. "ಇವನು ಬೇರೆ ಯಾರೋ. ಸತ್ತೋನು ಎಲ್ಲಾದ್ರೂ ನಡೀತಾನಾ?" ಎಂದು ಮುಖ ತಿರುಗಿಸಿದರು. ನಿನ್ನ ಫೋಟೊ ತಂದು ಕೈಗಿಟ್ಟೆ. ಗೋಡೆಯ ಮೇಲಿನ ಅಮ್ಮನ ಕಡೆ ನೋಡಿ, "ಫೋಟೊದಲ್ಲಿ ಇರೋರೆಲ್ಲ ಹೋದೋರೇ ಅಲ್ವೇನೇ" ಅಂದರು. ಕುರ್ಚಿಯನ್ನು ಬಾಲ್ಕನಿಯಿಂದ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಾರೆ. ಊಟ ಬಾಯಿಗಿಟ್ಟರೆ ಹಾಗೇ ಇಟ್ಟುಕೊಂಡಿರುತ್ತಾರೆ. ಹೀಗೇ ಆದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಆ ಸಾವಿನ ಚಲನೆಯನ್ನು ಬೇರೆಯವರಿಗೆ ಒಪ್ಪಿಸಿದೆ, ನನ್ನಿಂದ ಆಗಲಿಲ್ಲ. ಆಟ ಚೆನ್ನಾಗಿ ಬಂದಿದೆ ಅನ್ನುತ್ತಾರೆ. ನನಗೆ ಅಳು ಬಿಟ್ಟು ಬೇರೇನೂ ಬರುತ್ತಿಲ್ಲ ಕಣೋ.

ಹುಷಾರಾಗಿರು. ನಿದ್ದೆಗೆಟ್ಟು ಗಾಡಿ ಓಡಿಸಬೇಡ. ಅಮ್ಮ ಇದ್ದಿದ್ದರೆ ನಮ್ಮಿಬ್ಬರ ಕಿವಿ ಹಿಂಡಿ ಒಂದೇ ತಟ್ಟೆಯ ಮುಂದೆ ಕೂರಿಸುತ್ತಿದ್ದಳು. ಅವಳ ಆಶೀರ್ವಾದವನ್ನೂ ನಾನೇ ಕಳಿಸುತ್ತಿದ್ದೇನೆ. ನೂರು ಕಾಲ ಬಾಳು.

ಇಂತಿ ನಿನ್ನ,
ಬೈಯುವ ಅಕ್ಕ

ತಾ.ಕ.: ಗುರುವಾರ ನಿನ್ನ ಲಾರಿ ಈ ಕಡೆ ಬರುತ್ತದೆಂದು ಗುಮಾಸ್ತರು ಹೇಳಿದರು. ಮನೆಗೆ ಬಾ ಅನ್ನುವುದಿಲ್ಲ, ಮೆಟ್ಟಿಲೂ ಹತ್ತಬೇಡ, ನಿನ್ನ ಹಠ ನಿನಗೇ ಇರಲಿ. ಸಂಜೆ ಬೆಳಕಿರುವಾಗ ಬೇಕರಿ ಮೂಲೆಯಲ್ಲಿ ಇಳಿದು ನಮ್ಮ ಬಾಲ್ಕನಿಯ ಕೆಳಗೆ ಒಂದು ಸಲ ನಡೆದುಕೊಂಡು ಹೋಗು. ಮೇಲೆ ನೋಡದಿದ್ದರೂ ಪರವಾಗಿಲ್ಲ. ಅಪ್ಪನ ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿ ಇಟ್ಟಿರುತ್ತೇನೆ. ಒಂದೇ ಒಂದು ಮಾತು, ದಮ್ಮಯ್ಯ: ಕಾಲು ನೋಯುವುದನ್ನು ಮುಚ್ಚಿಕೊಂಡು ನೆಟ್ಟಗೆ ನಡೆಯೋಕೆ ಹೋಗಬೇಡ. ಅವರಿಗೆ ಗುರುತು ಸಿಗುವುದಿಲ್ಲ.